ನಲವತ್ತೊಂದನೇ ತಾಕಿನ ಪೇಪರು

ಭತ್ತದ ಒಂದು ಹೂವಿನಲ್ಲಿ ಆರು ಕೇಸರಗಳಿರುತ್ತವೆ. ಹೂವು ಬಾಯಿ ಬಿಡುವ ಮೊದಲೇ ಅದರ ಹೊಟ್ಟಿನ ತುದಿಯನ್ನು ಸಣ್ಣ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಆ ಆರನ್ನೂ ಚಿಮಟದಿಂದ ಹೊರಗೆಳೆಯಬೇಕು. ಐದನ್ನು ತೆಗೆದು ಒಂದನ್ನು ಬಿಟ್ಟರೆ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟಿಬಿಡುತ್ತದೆ, ಮಾಡಿದ ಕೆಲಸವೆಲ್ಲ ಹಾಳು. ಆಮೇಲೆ ತೆನೆಗೆ ಕಾಗದದ ಚೀಲ ತೊಡಿಸಿ, ಬಿಸಿಲೇರಿ ಇನ್ನೊಂದು ತಳಿಯ ಹೂವು ಅರಳುವವರೆಗೆ ಕಾದು, ಆ ತಳಿಯ ತೆನೆಯನ್ನು ಚೀಲದೊಳಗೆ ಮೆಲ್ಲಗೆ ಕೊಡವಬೇಕು. ಹೀಗೆ ಎರಡು ತಳಿಗಳನ್ನು ಕೂಡಿಸುವುದಕ್ಕೆ ಕ್ರಾಸಿಂಗ್ ಎನ್ನುತ್ತಿದ್ದೆವು. ಇಪ್ಪತ್ತೊಂಬತ್ತು ವರ್ಷ ನಾನು ಮುಖ್ಯವಾಗಿ ಮಾಡಿದ ಕೆಲಸ ಇದು.

ಸಿಂಚನಾ, ನೀನು ಮುಂದಿನ ತಿಂಗಳು ಫೀಲ್ಡ್ ಅಸಿಸ್ಟೆಂಟ್ ಆಗಿ ಕೆಲಸಕ್ಕೆ ಸೇರುತ್ತೀ. ಡಿಪ್ಲೊಮಾದಲ್ಲಿ ನಿನಗೆ ಕಲಿಸಿದ್ದನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಬಹುದು. ಎದುರು ಕೂತು ಹೇಳು ಎಂದರೆ ನನಗೆ ಆಗುವುದಿಲ್ಲ. ಹಿರೇಕೊಡಿಗೆಯ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು; ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದಾಗಲೂ ಒಮ್ಮೆಯೂ ಕೈ ಎತ್ತಿದವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ತಮ್ಮ ಪ್ರಣವನೂ ಓದಲಿ.

ನಿಮ್ಮ ಅಜ್ಜ ತೀರಿಕೊಂಡಾಗ ನನ್ನ ಮಗಳಿಗೆ, ಅಂದರೆ ನಿಮ್ಮ ಅಮ್ಮನಿಗೆ, ನಾಲ್ಕು ವರ್ಷ. ಕೊಪ್ಪದಿಂದ ನರಸಿಂಹರಾಜಪುರಕ್ಕೆ, ನಾವೆನ್ನುವ ಎನ್.ಆರ್.ಪುರಕ್ಕೆ, ಹೋಗುವ ದಾರಿಯಲ್ಲಿ ಭತ್ತದ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಭತ್ತದ ಸಸಿ ನೆಡುವ ನೆಟ್ಟಿಗೆ ಹೆಂಗಸರು ಬೇಕೆಂದು ಯಾರೋ ಹೇಳಿದರು, ಹೋದೆ. ಫಾರ್ಮ್ ನೋಡಿಕೊಳ್ಳುತ್ತಿದ್ದ ರಾಜಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೆಟ್ಟಿ ಬರುತ್ತಾ?” ಎಂದರು.

“ಬರುತ್ತೆ” ಎಂದೆ.

“ಬರುತ್ತೆ ಅಂತ ಎಲ್ರೂ ಹೇಳ್ತಾರೆ. ಇಳಿ ನೋಡೋಣ.”

ಸೀರೆ ಎತ್ತಿ ಕಟ್ಟಿ ಇಳಿದೆ. ಹಗ್ಗ ಹಿಡಿಯದೆ ಎರಡು ಸಾಲು ನೆಟ್ಟು ನಿಂತೆ. ರಾಜಪ್ಪನವರು ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ಸಾಲನ್ನು ನೋಡಿದರು. “ನೂಲು ಹಿಡ್ದಂಗಿದೆಯಲ್ಲೇ! ನಾಳೆಯಿಂದ ಬಾ” ಎಂದರು. ಆ ದಿನದಿಂದ ನನ್ನ ನೆಟ್ಟಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಬಂತು. ಆ ಹೆಮ್ಮೆಯೇ ಮುಂದೆ ಒಂದು ದೊಡ್ಡ ತಪ್ಪು ಮಾಡಿಸಿತು. ಅದನ್ನು ಹೇಳಲೆಂದೇ ಕೂತಿದ್ದೇನೆ, ಆದರೆ ಮೊದಲು ಸಣ್ಣ ತಪ್ಪುಗಳನ್ನು ಹೇಳಿಬಿಡುತ್ತೇನೆ.

ಕ್ರಾಸಿಂಗ್ ಕಲಿತ ಮೊದಲ ವರ್ಷ ತೆನೆಗೆ ಕಟ್ಟುವ ಚೀಟಿಗಳ ಮೇಲೆ ಪೆನ್ನಿನಿಂದ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ನೀಲಿ ಶಾಯಿಯಲ್ಲಿ ಇನ್ನೂ ಚೆನ್ನಾಗಿ ಕಾಣಲಿ ಎಂಬ ಆಸೆ. ಒಂದು ವಾರದ ಮಳೆಗೆ ಎಲ್ಲ ಚೀಟಿಯೂ ತೊಳೆದು ಬೆಳ್ಳಗಾಯಿತು. ಯಾವ ತೆನೆಗೆ ಯಾವ ತಂದೆ ಎಂದು ಹೇಳುವವರೇ ಇಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಜೈಬುನ್, ಎನ್.ಆರ್.ಪುರ ಪೇಟೆಯವಳು, ಬಾಯಿ ಜೋರು. “ಗಿರಿಜಕ್ಕಾ, ಇಷ್ಟೂ ಮಕ್ಕಳಿಗೆ ಈಗ ಅಪ್ಪನ ಹೆಸರು ಯಾರ್ದು ಹಾಕೋದು?” ಎಂದು ಗದ್ದೆಯಿಡೀ ಕೇಳುವಂತೆ ಕೂಗಿದಳು. ನಾಚಿಕೆಯಿಂದ ನಾನು ಆ ದಿನ ಊಟಕ್ಕೂ ಹೋಗಲಿಲ್ಲ. ಅಂದಿನಿಂದ ಪೆನ್ಸಿಲ್. ಮಳೆಗೆ ಪೆನ್ಸಿಲ್ ಹೋಗುವುದಿಲ್ಲ. ಈಗ ನಿಮಗೆ ಮಿಷನ್ನಿನಲ್ಲಿ ಅಚ್ಚಾದ ಚೀಟಿ ಕೊಡುತ್ತಾರೆ, ಗೆರೆಗೆರೆಯ ಗುರುತನ್ನು ಫೋನಿಗೆ ತೋರಿಸಿದರೆ ಸಾಕು ಎನ್ನುತ್ತಾರೆ. ಆದರೂ ಕಿಸೆಯಲ್ಲಿ ಒಂದು ಪೆನ್ಸಿಲ್ ಇಟ್ಟುಕೋ.

ನಾನು ಸೇರಿ ಮೂರನೇ ವರ್ಷಕ್ಕೆ ವಸುಧಾ ಮೇಡಂ ಬಂದರು. ಅಡ್ಡಗದ್ದೆಯ ಕಡೆಯವರು, ಸಸ್ಯಗಳ ವಂಶವಾಹಿಗಳ ಬಗ್ಗೆ ಓದಿ ಡಾಕ್ಟರೇಟ್ ಮಾಡಿದವರು. ನನಗಿಂತ ಎರಡೋ ಮೂರೋ ವರ್ಷ ದೊಡ್ಡವರಿರಬಹುದು, ಆದರೂ ಮೊದಲ ದಿನದಿಂದ ‘ಗಿರಿಜಮ್ಮ’ ಎಂದು, ‘ನೀವು’ ಎಂದು ಮಾತಾಡಿಸಿದರು. ಅವರು ಹುಡುಕುತ್ತಿದ್ದದ್ದು ನೀರಿನಡಿ ಬದುಕುವ ಭತ್ತವನ್ನು. ಎನ್.ಆರ್.ಪುರದ ಹಿನ್ನೀರಿನ ಅಂಚಿನ ಗದ್ದೆಗಳಲ್ಲಿ ಒಂದು ಹಳೇ ಭತ್ತವಿತ್ತು. ಹತ್ತು ಹನ್ನೆರಡು ದಿನ ಮುಳುಗಿದರೂ ನೀರು ಇಳಿದ ಮೇಲೆ ಮತ್ತೆ ಚಿಗುರುತ್ತಿತ್ತು. ಇಳುವರಿ ಮಾತ್ರ ಏನೂ ಇಲ್ಲ. ಅದನ್ನು ಒಳ್ಳೆಯ ಇಳುವರಿಯ ತಳಿಯ ಜೊತೆ ಕ್ರಾಸ್ ಮಾಡಿ, ಹುಟ್ಟಿದ ಮಕ್ಕಳು ಮೊಮ್ಮಕ್ಕಳಲ್ಲಿ ಯಾವುದು ನೀರು ತಡೆಯುತ್ತದೆ, ಆ ಗುಣ ಯಾವ ವಂಶವಾಹಿಯಲ್ಲಿ ಕೂತಿದೆ ಎಂದು ಪತ್ತೆ ಮಾಡುವುದು ಅವರ ಕೆಲಸ. ಕ್ರಾಸ್ ಮಾಡುವ ಕೈ ನಮ್ಮದು; ಇದೆಲ್ಲ ನಮಗೆ ಸರಿಯಾಗಿ ತಿಳಿದದ್ದು ಬಹಳ ಆಮೇಲೆ.

ಪೇಪರು ಎಂದರೆ ಏನು ಎಂದು ನನಗೆ ಹೇಳಿಕೊಟ್ಟವರೂ ಅವರೇ. ಅಲ್ಲಿಯವರೆಗೆ ಪೇಪರ್ ಎಂದರೆ ಬಸ್ಸಿನಲ್ಲಿ ಬರುವ ದಿನಪತ್ರಿಕೆ ಎಂದೇ ನಾನು ತಿಳಿದಿದ್ದೆ. “ನಾವು ಕಂಡಿದ್ದನ್ನ ಬರ್ದು ಕಳಿಸ್ತೀವಿ ಗಿರಿಜಮ್ಮ. ಗೊತ್ತಿದ್ದವರು ಓದಿ, ತಪ್ಪು ಹುಡುಕಿ, ಸರಿ ಅನ್ನಿಸಿದ್ರೆ ಅಚ್ಚು ಹಾಕ್ತಾರೆ. ಆಮೇಲೆ ಇನ್ನೊಬ್ರು ಅದರ ಮೇಲೆ ಕಾಲಿಟ್ಟು ಮುಂದೆ ಹೋಗ್ತಾರೆ” ಎಂದಿದ್ದರು. ಯಾರು ಎಲ್ಲಿ ತಮ್ಮ ಪೇಪರನ್ನು ಆಧಾರವಾಗಿ ಹೆಸರಿಸಿದರು ಎಂದು ಅವರು ಒಂದು ನೋಟ್ ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಫಿಲಿಪ್ಪೀನ್ಸಿನಿಂದ, ಬಂಗಾಳದಿಂದ ಪೇಪರಿನ ಪ್ರತಿ ಕೇಳಿ ಕಾರ್ಡು ಬಂದರೆ ಅದರ ಸ್ಟಾಂಪನ್ನು ನೀರಲ್ಲಿ ನೆನೆಸಿ ಬಿಡಿಸಿ ನಿಮ್ಮ ಅಮ್ಮನಿಗೆ ಎಂದು ಕೊಡುತ್ತಿದ್ದರು.

ಕೇಂದ್ರಕ್ಕೆ ಮುಖ್ಯಸ್ಥರಾಗಿದ್ದವರನ್ನು ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಯಾರೇ ಪೇಪರು ಬರೆದರೂ ಅದರಲ್ಲಿ ಅವರ ಹೆಸರೂ ಇರಲೇಬೇಕು. ಜೈಬುನ್ ಒಮ್ಮೆ ನನ್ನ ಕಿವಿಯಲ್ಲಿ ಹೇಳಿದಳು: “ಸಾಹೇಬ್ರು ಒಂದಿನ ಗದ್ದೆಗೆ ಇಳಿದಿಲ್ಲ ಗಿರಿಜಕ್ಕ, ಹೆಸರು ಮಾತ್ರ ಎಲ್ಲಾ ಪೇಪರಲ್ಲೂ ನೆಟ್ಟಿ ಆಗಿದೆ ನೋಡು.” ಕೆಟ್ಟವರೇನಲ್ಲ. ಬೂಟಿಗೆ ಕೆಸರು ತಾಗಬಾರದು ಅಷ್ಟೆ.

ಈಗ ಆ ವರ್ಷದ ವಿಷಯ.

ಮೇಡಂ ಕ್ರಾಸಿಂಗ್‌ನಿಂದ ಬಂದ ಅರವತ್ತು ತಳಿಗಳನ್ನು ಕೆಳಗಿನ ಗದ್ದೆಯಲ್ಲಿ ನೆಡಿಸಿದ್ದರು. ಬೀಜ ಸ್ವಲ್ಪವೇ ಇದ್ದುದರಿಂದ ಒಂದೊಂದು ತಳಿಗೆ ಒಂದೇ ತಾಕು, ಅಂದರೆ ಹತ್ತು ಸಾಲಿನ ಸಣ್ಣ ತುಂಡು ಗದ್ದೆ. ಒಂದರಿಂದ ಅರವತ್ತರವರೆಗೆ ಗೂಟ ಹೊಡೆದು ನಂಬರು ಹಾಕಿದ್ದೆವು. ಆ ಗದ್ದೆ ಹಳ್ಳದ ಪಕ್ಕದ್ದು, ಪ್ರತಿ ಮಳೆಗಾಲದಲ್ಲೂ ಮುಳುಗುತ್ತದೆ, ಅದಕ್ಕೇ ಆರಿಸಿದ್ದರು. ಆ ವರ್ಷವೂ ಮುಳುಗಿತು. ನೀರು ಇಳಿಯುವ ಹೊತ್ತಿಗೆ ನಿಮ್ಮ ಅಮ್ಮನಿಗೆ ಟೈಫಾಯ್ಡ್ ಜ್ವರ ಬಂದು ನಾನು ಒಂದು ವಾರ ರಜೆಯಲ್ಲಿದ್ದೆ. ಮೇಡಂ ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿದ್ದರು.

ನಾನು ರಜೆ ಮುಗಿಸಿ ಬಂದ ದಿನ ರಾಜಪ್ಪನವರು ಗಡಿಬಿಡಿಯಲ್ಲಿದ್ದರು. ಮರುದಿನ ಮೇಲಿನ ಕಚೇರಿಯಿಂದ ಯಾರೋ ನೋಡಲು ಬರುವವರಿದ್ದರು. “ಗಿರಿಜಾ, ಜೀಪು ನಿಲ್ಲೋ ಕಡೆಯೆಲ್ಲ ಸ್ವಲ್ಪ ಚೊಕ್ಕ ಮಾಡಿಡು” ಎಂದು ಹೇಳಿ ಬೈಕು ಹತ್ತಿ ಕೊಪ್ಪಕ್ಕೆ ಹೋದರು.

ಜೀಪು ನಿಲ್ಲುವ ತಿರುವಿನಲ್ಲೇ ನಲವತ್ತೊಂದನೇ ತಾಕು. ಅದನ್ನು ನೆಟ್ಟವಳು ನಾನೇ. ಹೋಗಿ ನೋಡಿದೆ. ಹತ್ತಿರ ಹತ್ತಿರ ಅರ್ಧ ಸತ್ತು ಕೊಳೆತು ಅಲ್ಲಲ್ಲಿ ಬೋಳು ಬಿದ್ದಿತ್ತು. ನಮ್ಮ ಕಡೆ ನೆರೆ ಇಳಿದ ಮೇಲೆ ಹೆಂಗಸರು ಮಾಡುವ ಮೊದಲ ಕೆಲಸವೇ ಅದು: ಬದುಕಿದ ಬುಡಗಳನ್ನು ಒಡೆದು, ಎರಡೆರಡು ಕಡ್ಡಿ ತೆಗೆದು ಸತ್ತ ಜಾಗಕ್ಕೆ ಊರುವುದು. ಬೋಳು ಹಾಗೇ ಬಿಟ್ಟರೆ ದಾರಿಯಲ್ಲಿ ಹೋಗುವವರು, ಇದನ್ನು ನೆಟ್ಟವಳು ಯಾರಪ್ಪಾ ಎಂದು ಕೇಳುತ್ತಾರೆ. ನನ್ನ ಅತ್ತೆ ಬೋಳು ಬಿಟ್ಟವರನ್ನು ಮತ್ತೆ ನೆಟ್ಟಿಗೆ ಕರೆಯುತ್ತಲೇ ಇರಲಿಲ್ಲ.

ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬು ಹೊದ್ದು ಇಳಿದೆ. ಮಧ್ಯಾಹ್ನದೊಳಗೆ ನಲವತ್ತೊಂದನೇ ತಾಕಿನ ಬೋಳುಗಳನ್ನೆಲ್ಲ ತುಂಬಿದೆ. ನಡುವೆ ಒಮ್ಮೆ, ಮೇಡಂ ಇದಕ್ಕೆ ಏನೆನ್ನುತ್ತಾರೋ ಎಂದು ಅನ್ನಿಸಿತು. ರಾಜಪ್ಪನವರು ಬಂದ ಮೇಲೆ ಕೇಳೋಣ ಎಂದುಕೊಂಡೆ. ಅವರು ಬಂದರು, ನಾನು ಕೇಳಲಿಲ್ಲ. ಸಣ್ಣ ವಿಷಯಕ್ಕೆ ಕೇಳಿದರೆ ದಡ್ಡಿ ಎಂದುಕೊಂಡಾರು ಎಂಬ ಸಂಕೋಚ. ಮರುದಿನ ಬಂದ ಅಧಿಕಾರಿಗಳು ಜೀಪಿನಿಂದಿಳಿದು, “ಪರವಾಗಿಲ್ಲ, ಚೆನ್ನಾಗಿ ಮೇಂಟೇನ್ ಮಾಡಿದೀರಿ” ಎಂದು ಹೇಳಿ ಕಾಫಿ ಕುಡಿದು ಹೋದರು. ನನಗೆ ಸಂತೋಷವೇ ಆಯಿತು.

ಹತ್ತು ದಿನದ ನಂತರ ಮೇಡಂ ವಾಪಸು ಬಂದು ಪ್ರತಿ ತಾಕಿನಲ್ಲೂ ಬದುಕಿದ ಬುಡಗಳನ್ನು ಎಣಿಸಿದರು. ನಾನು ಹಿಂದೆ ಹಿಂದೆ ಪುಸ್ತಕ ಹಿಡಿದು ಹೋದೆ. ಅವರು ಹೇಳಿದ ಅಂಕಿ ಬರೆದುಕೊಂಡೆ. ನಲವತ್ತೊಂದರಲ್ಲಿ ಬುಡಗಳು ಸಣ್ಣವಾಗಿದ್ದವು, ಆದರೆ ಒಂದೂ ಸತ್ತಿರಲಿಲ್ಲ. “ನೀರಿಗೆ ಸೊರಗಿದೆ, ಆದ್ರೆ ಹಿಡ್ಕೊಂಡಿದೆ” ಎಂದರು ಮೇಡಂ. ಅವರ ಮುಖ ಅರಳಿತು. ಯಾಕೆ ಎಣಿಸುತ್ತಿದ್ದಾರೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊಬ್ಬರದ ಲೆಕ್ಕಕ್ಕಿರಬೇಕು ಎಂದುಕೊಂಡಿದ್ದೆ.

ಎರಡನೇ ಬೇಸಿಗೆಗೆ ಪೇಪರು ಅಚ್ಚಾಗಿ ಬಂತು. ಮೇಡಂ ನಮಗೆಲ್ಲ ಕಾಫಿ, ಗೋಳಿಬಜೆ ಕೊಡಿಸಿದರು. ಪೇಪರಿನ ಕೊನೆಯಲ್ಲಿ ನೆರವಾದವರ ಹೆಸರಿರುತ್ತದೆ. ಅದರಲ್ಲಿ ನನ್ನದೂ ಜೈಬುನ್‌ದೂ ಇತ್ತು. ಇಂಗ್ಲಿಷ್ ಅಕ್ಷರ ಒಂದೊಂದಾಗಿ ಕೂಡಿಸಿ ನನ್ನ ಹೆಸರನ್ನು ಓದಿಕೊಂಡೆ. ದೊಡ್ಡ ಸಾಹೇಬರ ಹೆಸರು ಎಲ್ಲರಿಗಿಂತ ಮೊದಲಿತ್ತು. ನಲವತ್ತೊಂದನೇ ತಳಿಯ ಬೀಜ ಬೇಕು ಎಂದು ಕಾಗದಗಳು ಬರತೊಡಗಿದವು. ಬೀಜ ಆರಿಸಿ, ಸಣ್ಣ ಲಕೋಟೆಗೆ ತುಂಬಿ, ಮೇಲೆ ನಂಬರು ಬರೆಯುವ ಕೆಲಸ ನನ್ನದು.

ಆ ಮಳೆಗಾಲ ಮೇಡಂ ಅದೇ ತಳಿಗಳನ್ನು ಸಿಮೆಂಟಿನ ತೊಟ್ಟಿಯಲ್ಲಿ ನೆಡಿಸಿದರು. ನೀರು ತುಂಬಿಸಿ, ಎಣಿಸಿದ ದಿನಕ್ಕೆ ಸರಿಯಾಗಿ ಇಳಿಸುವ ಏರ್ಪಾಡು. ನೀರು ಇಳಿಸಿದ ದಿನ ನಮ್ಮನ್ನೆಲ್ಲ ತೊಟ್ಟಿಯ ಬಳಿ ನಿಲ್ಲಿಸಿಕೊಂಡು ಹೇಳಿದರು: “ನೋಡಿ, ಸತ್ತಿದ್ದನ್ನ ಯಾರೂ ಕೀಳಬೇಡಿ, ಆ ಜಾಗಕ್ಕೆ ಎಂತದೂ ನೆಡಬೇಡಿ. ಎಷ್ಟು ಸತ್ತಿದೆ ಅನ್ನೋದೇ ನಂಗೆ ಬೇಕಾಗಿರೋದು.”

ನಲವತ್ತೊಂದರಲ್ಲಿ ನಾನು ಊರಿದ ಬುಡಗಳನ್ನೂ ಮೇಡಂ ಬದುಕಿದವೆಂದೇ ಎಣಿಸಿದ್ದರು. ಪೇಪರು ಯಾವುದರ ಮೇಲೆ ನಿಂತಿದೆ ಎಂದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ.

ತೊಟ್ಟಿಯಲ್ಲಿ ನಲವತ್ತೊಂದು ಅರ್ಧ ಸತ್ತಿತು. ಮೇಡಂಗೆ ತಲೆಬುಡ ತಿಳಿಯಲಿಲ್ಲ. ತೊಟ್ಟಿಯ ಮಣ್ಣು ಸರಿಯಿಲ್ಲವೇನೋ, ನೀರು ಬಿಸಿಯಾಯಿತೇನೋ ಎಂದು ದಿನವೂ ಥರ್ಮಾಮೀಟರ್ ಮುಳುಗಿಸಿ ನೋಡುತ್ತಿದ್ದರು. ಮಣ್ಣು ಬದಲಿಸಲು ಹೇಳಿದರು, ಬುಟ್ಟಿಯಲ್ಲಿ ಹೊತ್ತು ಬದಲಿಸಿದೆವು. ನಾನು ಬಾಯಿ ಬಿಡಲಿಲ್ಲ. ಹನ್ನೊಂದು ದಿನ ಹಾಗೇ ಇದ್ದೆ. ನನಗೆ ಖಾಯಂ ಆಗುವ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಮೇಡಂಗೂ ದೊಡ್ಡ ಹುದ್ದೆಗೆ ಸಂದರ್ಶನ ಹತ್ತಿರ ಬಂದಿತ್ತು. ಆ ಪೇಪರೇ ಅವರ ಕೈಯಲ್ಲಿದ್ದ ದೊಡ್ಡ ಬಲ.

ಹನ್ನೆರಡನೇ ದಿನ ಒಂದು ಕಾಗದ ಬಂತು. ಒರಿಸ್ಸಾದ ಕಡೆಯ ಒಬ್ಬ ಹುಡುಗಿ ಬರೆದದ್ದು, ಹೆಸರು ಸುಜಾತಾ. ಮೇಡಂ ಅದನ್ನು ಓದಿ ನನಗೆ ಅರ್ಥ ಹೇಳಿದರು. ಅವಳು ಡಾಕ್ಟರೇಟ್‌ಗಾಗಿ ಪೂರ್ತಿ ನಲವತ್ತೊಂದನೇ ತಳಿಯ ಮೇಲೇ ಕೆಲಸ ಮಾಡುತ್ತಾಳಂತೆ. ಅವರ ಊರಿನ ಗದ್ದೆಗಳು ವರ್ಷವೂ ಮುಳುಗುತ್ತವಂತೆ. “ಒಂದು ಮುಷ್ಟಿ ಬೀಜ ಕಳಿಸಿ ಗಿರಿಜಮ್ಮ” ಎಂದರು.

ಲಕೋಟೆಗೆ ಬೀಜ ತುಂಬಿದೆ. ಬಾಯಿ ಅಂಟಿಸಲು ಆಗಲಿಲ್ಲ. ಆ ಹುಡುಗಿ ನಾಲ್ಕು ವರ್ಷ ಕೆಸರಲ್ಲಿ ನಿಂತು, ನಾನು ಊರಿದ ಬುಡಗಳ ಗುಟ್ಟನ್ನು ಹುಡುಕುತ್ತಾ ಇರುತ್ತಾಳೆ ಎಂದು ಯೋಚಿಸಿದರೆ ಕೈ ಏಳಲಿಲ್ಲ. ಊಟದ ಹೊತ್ತಿಗೆ ಜೈಬುನ್‌ಗೆ ಎಲ್ಲ ಹೇಳಿದೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಸುಮ್ನಿರು ಮಾರಾಯ್ತಿ. ಎರಡು ವರ್ಷ ಆಯ್ತು. ಯಾರು ನೋಡಿದಾರೆ?”

“ನಾನು ನೋಡಿದೀನಲ್ಲ.”

“ನಿಂಗೊಂದು ಮಗಳಿದೆ. ಖಾಯಂ ಆಗೋದು ತಪ್ಪಿದ್ರೆ ಎಂತ ಮಾಡ್ತಿ?”

“ಗೊತ್ತಿಲ್ಲ.”

ಜೈಬುನ್ ಮುರಿದ ರೊಟ್ಟಿಯನ್ನು ಡಬ್ಬಿಗೆ ಹಾಕಿದಳು. ಆಮೇಲೆ, “ಹೇಳೋದಾದ್ರೆ ಇವತ್ತೇ ಹೇಳು. ನಾಳೆ ಅಂದ್ರೆ ನೀನು ಹೇಳಲ್ಲ. ನಿನ್ನ ನಂಗೊತ್ತಿಲ್ವಾ? ಬಸ್ ಸ್ಟಾಪ್ ದಾಟಿದ್ರೂ ಕಂಡಕ್ಟರ್‌ಗೆ ನಿಲ್ಸಿ ಅನ್ನೋಕೆ ನಾಚ್ಕೊಂಡು ಮುಂದಿನ ಊರಲ್ಲಿ ಇಳ್ದೋಳು ನೀನು” ಎಂದಳು. ಊಟದ ಡಬ್ಬಿ ಮುಚ್ಚಿ, ನನ್ನ ಕೈ ಹಿಡಿದು ಎಬ್ಬಿಸಿ, ಮೇಡಂ ಕೋಣೆಯ ಬಾಗಿಲವರೆಗೂ ಬಂದು ಬಿಟ್ಟು ಹೋದಳು.

ಒಳಗೆ ಹೋಗಿ ನಿಂತೆ. ಮೇಡಂ ತಲೆ ಎತ್ತಿ, “ಎಂತ ಗಿರಿಜಮ್ಮ? ಬೀಜ ಕಡಿಮೆ ಬಿತ್ತಾ?” ಎಂದರು. ನಾನು ಹೇಗೆ ಶುರು ಮಾಡಿದೆನೋ ನೆನಪಿಲ್ಲ. ನೆಲ ನೋಡುತ್ತಾ ಎಲ್ಲ ಹೇಳಿದೆ: ರಜೆ, ಜೀಪು, ಬೋಳು, ಬುಡ ಒಡೆದು ಊರಿದ್ದು. ಮೇಡಂ ಒಂದು ಹಾಳೆ ತೆಗೆದುಕೊಂಡರು.

“ಎಷ್ಟು ಬುಡ ತುಂಬಿದ್ರಿ? ಅಂದಾಜು?” ಎಂದು ಕೇಳಿದರು.

ನನಗೆ ಅಂದಾಜು ಬೇಕಿರಲಿಲ್ಲ. ಮೊದಲ ಸಾಲಿನಲ್ಲಿ ಒಂಬತ್ತು, ಎರಡನೆಯದರಲ್ಲಿ ಏಳು, ಮೂರನೆಯದರಲ್ಲಿ ಹನ್ನೊಂದು ಎಂದು ಹತ್ತು ಸಾಲಿನದೂ ಹೇಳಿದೆ. ನೆಟ್ಟ ಕೈಗೆ ಅದು ಮರೆಯುವುದಿಲ್ಲ. ಅವರು ಬರೆದುಕೊಂಡು ಕೂಡಿಸಿದರು. ತೊಟ್ಟಿಯ ಲೆಕ್ಕದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟು ನೋಡಿದರು. ಎರಡೂ ಕಡೆ ಸತ್ತವು ಹೆಚ್ಚುಕಡಿಮೆ ಅಷ್ಟೇ.

“ಹಾಗಾದ್ರೆ ತೊಟ್ಟಿ ಸರಿ ಇದೆ” ಎಂದರು. ಅಷ್ಟು ಹೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನಾನು ಅಳುತ್ತಿದ್ದೆ. ಅವರು ಅತ್ತರೋ ಇಲ್ಲವೋ ನನಗೆ ಕಾಣಲಿಲ್ಲ. ಕೊನೆಗೆ, “ನೀವು ಮನೆಗೆ ಹೋಗಿ ಗಿರಿಜಮ್ಮ. ಆ ಲಕೋಟೆ ಕಳಿಸಬೇಡಿ” ಎಂದರು.

ಪೇಪರನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಮೇಡಂ ಹೇಳಿದಾಗ ದೊಡ್ಡ ಸಾಹೇಬರು ಒಪ್ಪಲಿಲ್ಲ. ಅವರ ಹೆಸರೂ ಇತ್ತಲ್ಲ. ನನ್ನನ್ನು ಕರೆಸಿದರು. ಮೇಡಂ ಪಕ್ಕದಲ್ಲಿ ನಿಂತಿದ್ದರು.

“ಏನಮ್ಮಾ, ಎರಡು ವರ್ಷದ ಹಿಂದಿನದು ನಿನಗೆ ಸರಿಯಾಗಿ ನೆನಪಿದೆಯಾ? ಬೇರೆ ಯಾವುದೋ ತಾಕು ಇರಬಹುದಲ್ಲ? ಯೋಚನೆ ಮಾಡಿ ಹೇಳು. ನಿನ್ನ ಫೈಲೂ ನನ್ನ ಹತ್ತಿರ ಇದೆ.”

ಮೇಷ್ಟ್ರ ಎದುರು ಕೈ ಎತ್ತದವಳು ನಾನು. ಸಾಹೇಬರ ಮುಖ ನೋಡುವ ಧೈರ್ಯ ಆಗಲೂ ಬರಲಿಲ್ಲ. ಅವರ ಮೇಜಿನ ಕಾಲನ್ನು ನೋಡುತ್ತಾ, “ನಲವತ್ತೊಂದೇ ಸಾರ್. ಜೀಪು ನಿಲ್ಲೋ ತಿರುವು. ಮೊದಲ ಸಾಲು ಒಂಬತ್ತು, ಎರಡನೇದು ಏಳು” ಎಂದು ಮತ್ತೆ ಶುರು ಮಾಡಿದೆ. ಐದನೇ ಸಾಲಿಗೆ ಬರುವಾಗ ಅವರು ಸಾಕು ಎಂದು ಕೈ ತೋರಿಸಿದರು.

ಪೇಪರು ವಾಪಸು ಪಡೆಯುವ ಕಾಗದಕ್ಕೆ ಸಹಿ ಹಾಕಲು ಸಾಹೇಬರು ಒಂದು ತಿಂಗಳು ತೆಗೆದುಕೊಂಡರು, ಆದರೆ ಹಾಕಿದರು. ಪೇಪರು ಅಚ್ಚಾಗಿದ್ದ ಪತ್ರಿಕೆಗೆ ಮೇಡಂ ಬರೆದರು. ಬೀಜ ತರಿಸಿಕೊಂಡ ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ ಬರೆದರು. ವಿಳಾಸ ಬರೆದವಳು ನಾನು. ಆ ವರ್ಷದ ಸಂದರ್ಶನದಲ್ಲಿ ಆ ಹುದ್ದೆ ಅವರಿಗೆ ಸಿಗಲಿಲ್ಲ. ನನಗೆ ಖಾಯಂ ಆಗುವುದೂ ಎರಡು ವರ್ಷ ತಡವಾಯಿತು. ಬೇರೆ ಊರಿನಿಂದ ಬಂದ ಕೆಲವರು ಮೇಡಂ ಬೆನ್ನ ಹಿಂದೆ ನಕ್ಕರು ಎಂದೂ ಕೇಳಿದೆ. ಪತ್ರಿಕೆಯಲ್ಲಿ ಅಚ್ಚಾದ ಆ ಪ್ರಕಟಣೆಯ ಒಂದು ಪ್ರತಿ ಮೇಡಂ ಕಪಾಟಿನಲ್ಲಿತ್ತು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಇಂಥವಳು ಹಾಳು ಮಾಡಿದಳು ಎಂದು ಬರೆದಿರಲೇಬೇಕಲ್ಲ, ಕೇಳಿ ಏನಾಗಬೇಕು ಎಂದುಕೊಂಡೆ.

ಕೆಲಸದ ರೀತಿ ಮಾತ್ರ ಅಂದಿನಿಂದ ಬದಲಾಯಿತು. ಪ್ರತಿ ಸೋಮವಾರ ಬೆಳಿಗ್ಗೆ ಮೇಡಂ ನಮ್ಮನ್ನೆಲ್ಲ ಬದುವಿನ ಮೇಲೆ ಕೂರಿಸಿಕೊಂಡು, ಈ ವಾರ ಯಾವುದನ್ನು ಅಳೆಯುತ್ತೇವೆ, ಯಾಕೆ ಎಂದು ಹೇಳುತ್ತಿದ್ದರು. ಆಮೇಲೆ ನಮ್ಮ ಸರದಿ. ಕೆಲಸದವರು ಕಂಡದ್ದು ಎಂದು ಲೆಕ್ಕದ ಪುಸ್ತಕದಲ್ಲಿ ಒಂದು ಕಾಲಂ ಸೇರಿತು. ಇಲಿ ಕಡಿದದ್ದು, ದನ ನುಗ್ಗಿದ್ದು, ಗೂಟ ಬಿದ್ದದ್ದು, ಎಲ್ಲ ಅದರಲ್ಲಿ. ನಾನು ಬಾಯಲ್ಲಿ ಹೇಳುತ್ತಿರಲಿಲ್ಲ, ಬರೆದು ಇಡುತ್ತಿದ್ದೆ. ಜೈಬುನ್ ತಾನೂ ಬರೆಯಬೇಕೆಂದು ಹಟ ಮಾಡಿ ನನ್ನಿಂದ ಅಕ್ಷರ ಕಲಿತಳು. ಅವಳು ಮೊದಲು ಬರೆದ ವಾಕ್ಯ: ರಾಜಪ್ಪ ಸಾರ್ ಹದಿನೈದನೇ ತಾಕಿನ ಮೇಲೆ ಬೈಕು ಹತ್ತಿಸಿದರು.

ಮುಂದಿನ ಮೂರು ಮಳೆಗಾಲ ತೊಟ್ಟಿಯಲ್ಲೂ ಗದ್ದೆಯಲ್ಲೂ ಅರವತ್ತು ತಳಿಗಳನ್ನು ಮತ್ತೆ ನೆಟ್ಟೆವು. ಎಲ್ಲ ಸಲವೂ ಗಟ್ಟಿಯಾಗಿ ನಿಂತದ್ದು ಹದಿನೇಳನೇ ತಳಿ. ಮೊದಲ ವರ್ಷ ಅದರ ತಾಕು ಹಿಂದಿನ ಮೂಲೆಯಲ್ಲಿತ್ತು, ಯಾರೂ ಜೀಪಿನಿಂದಿಳಿದು ನೋಡಿರಲಿಲ್ಲ. ಅಂಕಿಯಲ್ಲಿ ನಲವತ್ತೊಂದು ಮೇಲೆ ಇದ್ದುದರಿಂದ ಮೇಡಂ ಕಣ್ಣೂ ಅತ್ತ ಹೋಗಿರಲಿಲ್ಲ. ಒರಿಸ್ಸಾದ ಸುಜಾತಾ, ಬೀಜದ ಬದಲು ತಪ್ಪೊಪ್ಪಿಗೆಯ ಕಾಗದ ಹೋಗಿತ್ತಲ್ಲ, ಅದನ್ನು ಹಿಡಿದುಕೊಂಡು ರೈಲು ಬಸ್ಸು ಹತ್ತಿ ನಮ್ಮಲ್ಲಿಗೇ ಬಂದಳು. ಇಷ್ಟು ನಿಜ ಹೇಳುವವರ ಹತ್ತಿರವೇ ಕೆಲಸ ಕಲಿಯಬೇಕು ಅನ್ನಿಸಿತು ಎಂದಳಂತೆ. ಒಂದು ಮಳೆಗಾಲ ಪೂರ್ತಿ ನನ್ನ ಪಕ್ಕ ಕೂತು ಕ್ರಾಸಿಂಗ್ ಮಾಡಿದಳು. ಅವಳಿಗೆ ಕನ್ನಡ ಬಾರದು, ನನಗೆ ಬೇರೆ ಭಾಷೆ ಬಾರದು. ಕೇಸರ ಉಳಿದಿದ್ದರೆ ನಾನು ಅವಳ ಕೈ ಮೇಲೆ ಮೆಲ್ಲಗೆ ಹೊಡೆಯುತ್ತಿದ್ದೆ. ಹದಿನೇಳನೇ ತಳಿಯ ಗುಣ ಎಲ್ಲಿ ಕೂತಿದೆ ಎಂದು ಅವಳೂ ಮೇಡಮ್ಮೂ ಸೇರಿ ಬರೆದ ಪೇಪರು ಹೊರಬಂದಾಗ ಮೇಡಂ ನೋಟ್ ಬುಕ್ಕು ತುಂಬಿ ಇನ್ನೊಂದು ತಂದರು. ಅವಳೀಗ ಅವರ ಕಡೆ ದೊಡ್ಡ ಪ್ರೊಫೆಸರ್.

ಆಮೇಲೆ ಕಂಪ್ಯೂಟರ್ ಬಂತು. ಎಲೆಯ ಚೂರನ್ನು ಐಸಿನ ಡಬ್ಬಿಯಲ್ಲಿಟ್ಟು ಕಳಿಸಿದರೆ ಅದರ ವಂಶವಾಹಿಯನ್ನೆಲ್ಲ ಓದಿ ಹೇಳುವ ಮಿಷನ್ನು ಬಂತು. ಮೊದಲು ಐದು ವರ್ಷಕ್ಕೆ ತಿಳಿಯುತ್ತಿದ್ದದ್ದು ಒಂದು ವಾರದಲ್ಲಿ ತಿಳಿಯತೊಡಗಿತು. ಆದರೆ ಎಲೆಯನ್ನು ಸರಿಯಾದ ಗಿಡದಿಂದಲೇ ಕಿತ್ತಿದ್ದೇವಾ ಎಂದು ಮಿಷನ್ನು ಹೇಳುವುದಿಲ್ಲ ಸಿಂಚನಾ. ಅದನ್ನು ಹೇಳಬೇಕಾದವಳು ನೀನು.

ಕಳೆದ ಭಾನುವಾರ ನಡೆದದ್ದನ್ನು ಬರೆದು ಮುಗಿಸುತ್ತೇನೆ. ನಿನಗೆ ಗೊತ್ತಿರುವುದೇ, ಆದರೆ ಪ್ರಣವ ಆಗ ಆಡಲು ಹೋಗಿದ್ದ. ನೀನು ಫೋನಿನಲ್ಲಿ ಮೇಡಂ ಹೆಸರು ಹುಡುಕಿ, ಅವರ ಪೇಪರುಗಳ ಪಟ್ಟಿ ತೆಗೆದೆ. “ಅಜ್ಜೀ, ನಿಮ್ಮ ಮೇಡಂ ಎಷ್ಟು ದೊಡ್ಡೋರು! ಪ್ರಪಂಚದಲ್ಲಿ ಎಲ್ಲೆಲ್ಲೋ ಇವರ ಪೇಪರ್ ಹೆಸರು ಹಾಕಿದಾರೆ” ಎಂದು ಒಂದೊಂದಾಗಿ ಓದುತ್ತಾ ಹೋದೆ. ಆಮೇಲೆ ನೀನು ಪಟ್ಟಿಯಲ್ಲಿ ಒಂದು ಕಡೆ ನಿಂತೆ. “ಇದೊಂದು ವಿಚಿತ್ರ. ವಾಪಸ್ ತಗೊಂಡಿರೋ ಪೇಪರ್ ಅಂತ ಅವರೇ ಬರೆದು ಪಟ್ಟಿಯಲ್ಲಿ ಇಟ್ಟಿದಾರೆ. ಇಂಥದ್ದನ್ನ ಎಲ್ರೂ ಪಟ್ಟಿಯಿಂದ ತೆಗೆದುಬಿಡ್ತಾರೆ ಅಜ್ಜಿ.”

“ಅದರ ಪ್ರಕಟಣೆ ಸಿಗುತ್ತಾ?” ಎಂದು ಕೇಳಿದೆ. ಸಿಕ್ಕಿತು. ಕನ್ನಡದಲ್ಲಿ ಹೇಳು ಎಂದೆ. ನೀನು ನಿಧಾನಕ್ಕೆ ಹೇಳಿದೆ: ಈ ಲೇಖನದ ತೀರ್ಮಾನ ತಪ್ಪು. ನೆರೆ ಇಳಿದ ಮೇಲೆ ಒಂದು ತಾಕಿನಲ್ಲಿ ಸತ್ತ ಬುಡಗಳ ಜಾಗಕ್ಕೆ ಬೇರೆ ಬುಡ ನೆಡಲಾಗಿತ್ತು. ಈ ಸೀಮೆಯಲ್ಲಿ ಅದು ಒಳ್ಳೆಯ ಬೇಸಾಯಗಾರರ ಪದ್ಧತಿ. ಏನನ್ನು ಎಣಿಸುತ್ತಿದ್ದೇವೆ ಎಂದು ಗದ್ದೆಯಲ್ಲಿ ಕೆಲಸ ಮಾಡುವವರಿಗೆ ನಾವು ಹೇಳಿರಲಿಲ್ಲ. ತಪ್ಪು ಪೂರ್ತಿಯಾಗಿ ನಮ್ಮದು. ಅದು ಗೊತ್ತಾದದ್ದು ಗಿರಿಜಮ್ಮನವರು ತಾವಾಗಿಯೇ ಬಂದು ತಿಳಿಸಿದ್ದರಿಂದ. ಅವರಿಗೆ ನಾವು ಋಣಿಗಳು.

ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ನೀನು ಕೇಳದೆಯೇ ಮೇಡಂ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟೆ. ಅವರು ಈಗ ಶೃಂಗೇರಿಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ.

“ಮೇಡಂ, ನಾನು ಗಿರಿಜಾ. ಆ ಪ್ರಕಟಣೆ ಇವತ್ತು ಮೊಮ್ಮಗಳ ಹತ್ರ ಓದಿಸ್ದೆ.”

“ಯಾವ ಪ್ರಕಟಣೆ?”

“ನಲವತ್ತೊಂದು.”

“ಇವತ್ತಾ? ಅಲ್ಲ ಮಾರಾಯ್ರೆ, ಅದರಲ್ಲಿ ಎಂತ ಇದೆ ಅಂತ ನಿಮಗೆ ಇಷ್ಟು ವರ್ಷ ಗೊತ್ತಿರ್ಲಿಲ್ವಾ?”

“ನನ್ನ ಬೈದು ಬರ್ದಿರ್ತೀರಿ ಅಂತ ಕೇಳ್ಲಿಲ್ಲ.”

“ನಿಮಗೆ ಗೊತ್ತೇ ಇರುತ್ತೆ ಅಂತ ನಾನೂ ಹೇಳ್ಲಿಲ್ಲ” ಎಂದರು ಮೇಡಂ. ಆಮೇಲೆ ನಗತೊಡಗಿದರು. “ನೋಡಿ ಗಿರಿಜಮ್ಮ, ಅಷ್ಟು ದೊಡ್ಡ ಪಾಠ ಕಲಿತು, ಊರಿಗೆಲ್ಲ ಕಲಿಸಿ, ನಾವಿಬ್ರೂ ಮತ್ತೆ ಅದೇ ತಪ್ಪು ಮಾಡಿದ್ವಲ್ಲ!”